ಹನ್ನೊಂದು ಹೆಸರುಗಳ ಹಾಡು

ಸಂಸ್ಕೃತಿ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ, ತಾವು ಹೊರತಂದ ಶ್ರಮಗೀತೆಗಳ ಸಂಗ್ರಹದಲ್ಲಿ ನಾಲ್ಕನೆಯ ಹಾಡಿದೆಯಲ್ಲ, ಅದರಿಂದ ಹನ್ನೊಂದು ಹೆಂಗಸರ ಕೆಲಸ ಹೋಯಿತು. ಅಭಿನಂದನೆಗಳು. ಹಾಡಿಗೆ ಬಹಳ ಶಕ್ತಿಯಿದೆ ಎಂದು ಭಾಷಣಗಳಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಈಗಲೇ.

ನಾವು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದವರು. ಹಾಸುಬಟ್ಟೆಯ ಎರಡು ತುದಿಯನ್ನು ಇಬ್ಬರು ಹಿಡಿದು, ಎರಡು ಹೆಜ್ಜೆ ಮುಂದೆ ಬಂದು, ಮತ್ತೆ ಹಿಂದೆ ಸರಿದು ಮಡಚುತ್ತೇವೆ. ಹೆಜ್ಜೆ ತಪ್ಪಿದರೆ ಮಡಿಕೆ ಸೊಟ್ಟಗಾಗುತ್ತದೆ, ಅದಕ್ಕೇ ಹಾಡು. ನನ್ನ ಓರಗಿತ್ತಿ, ನಾನು ಅಕ್ಕ ಎನ್ನುವವಳು, “ಯಾರಿದ್ದೀರೇ ನನ್ನ ಕೂಡ?” ಎಂದು ಹಾಡು ಎತ್ತಿಕೊಡುತ್ತಿದ್ದಳು. ಸಾಲಿನಲ್ಲಿದ್ದ ಒಬ್ಬೊಬ್ಬಳೂ ತನ್ನ ಹೆಸರು ಹೇಳಿ “ನಾನಿದ್ದೀನಿ” ಎನ್ನಬೇಕು. ಹಬೆಯಲ್ಲಿ ಎದುರಿನವಳ ಮುಖವೇ ಕಾಣುವುದಿಲ್ಲ. ಯಾರಾದರೂ ತಲೆಸುತ್ತಿ ಬಿದ್ದರೆ ತಿಳಿಯಲಿ ಎಂದು ನಮಗಿಂತ ಹಿಂದಿನವರು ಮಾಡಿಟ್ಟ ರೂಢಿ ಅದು.

ಕಳೆದ ವರ್ಷ ಅಕ್ಕ ಹಾಡಿಗೆ ಎರಡು ಸಾಲು ಸೇರಿಸಿದಳು. ರಕ್ತದ ಬಟ್ಟೆ ಮುಟ್ಟಲು ಕೈಗವಸು ಕೊಡಿ, ಹಬೆ ಹೋಗಲು ಕಿಟಕಿ ಕೊಡಿ. ಇಷ್ಟೇ, ಸಿಂಹಾಸನ ಕೇಳಲಿಲ್ಲ. ಯಾರೂ ಕಿವಿಗೊಡದಾಗ, ವಾರ್ಡುಗಳಿಗೆ ಎಂದಿನಂತೆ ಬಟ್ಟೆ ಕಳಿಸಿದೆವು, ಆಡಳಿತ ಕಚೇರಿಯ ಪರದೆ, ಮೇಜುಬಟ್ಟೆಗಳನ್ನು ಮಾತ್ರ ಎರಡು ವಾರ ಕಳಿಸಲಿಲ್ಲ. ಬರಿ ಮೇಜಿನ ಮೇಲೆ ಸಭೆ ನಡೆಸಿದವರಿಗೆ ಮೈಯೆಲ್ಲ ಉರಿಯಿತು. ವಿಭಾಗದ ನಲವತ್ತು ಜನರಲ್ಲಿ ಆ ಹಾಡು ಹೇಳಿಕೊಟ್ಟವರು ಯಾರೆಂದು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಅಕ್ಕ ಮುಖ ಗಂಟಿಕ್ಕಿ ಹೇಳಿದ್ದಿಷ್ಟು: “ಹಬೆ ಸಾರ್, ಏನೂ ಕಾಣ್ಸಲ್ಲ. ಒಂದು ಕಿಟಕಿ ಇದ್ದಿದ್ರೆ ನೋಡಿ ಹೇಳ್ತಿದ್ವಿ.” ಉಳಿದವರೂ ಅದನ್ನೇ ಹೇಳಿದರು. ಒಬ್ಬಳೂ ಬಾಯಿ ಬಿಡಲಿಲ್ಲ.

ಆಗ ಬಂದರು ನಿಮ್ಮವರು, ಧ್ವನಿಮುದ್ರಣ ಯಂತ್ರ ಹಿಡಿದು. ಎಷ್ಟು ಮರ್ಯಾದಸ್ಥ ಮನುಷ್ಯ! “ಸಂಕೋಚ ಬೇಡ ತಾಯಿ, ದಿನಾ ಹೇಗೆ ಹಾಡ್ತೀರೋ ಹಾಗೇ ಹಾಡಿ” ಅಂದರು. ನಮ್ಮ ಹಾಡು ಕೇಳಲು ಸರ್ಕಾರವೇ ಬಂದಿದೆ ಎಂದು ನಾವು ಹಿಗ್ಗಿಹೋದೆವು. ಹೆಸರು ಬಿಡೋಣವೇ ಎಂದು ಒಬ್ಬಳು ಕೇಳಿದ್ದಳು. “ಹೆಸರು ಬಿಟ್ರೆ ಹಾಡಲ್ಲಿ ಇನ್ನೇನೇ ಉಳೀತು?” ಎಂದು ಅಕ್ಕ ಗದರಿದಳು. ದಿನವೂ ಅವಳ ಜೊತೆ ಮಡಚುತ್ತಿದ್ದ ಹನ್ನೊಂದು ಜನರಲ್ಲಿ ಹತ್ತು ಜನ, ಅವಳೂ ಸೇರಿ ಹನ್ನೊಂದು, ಆ ಎರಡು ಸಾಲನ್ನೂ ಹಾಡಿ, ಗಂಟಲು ಬಿಚ್ಚಿ ಹೆಸರು ಹೇಳಿದರು.

ಧ್ವನಿಮುದ್ರಿಕೆಯ ಸೌಜನ್ಯ ಪ್ರತಿಯನ್ನು ತಾವು ಆಸ್ಪತ್ರೆಯ ಆಡಳಿತಕ್ಕೆ ಕಳಿಸಿದಿರಿ, “ತಮ್ಮ ಸಹಕಾರಕ್ಕೆ ಕೃತಜ್ಞತೆ” ಎಂಬ ಒಕ್ಕಣೆಯೊಂದಿಗೆ. ಮುಂದಿನ ಸೋಮವಾರ ವಜಾ ಪಟ್ಟಿ ಗೋಡೆಗೆ ಬಿತ್ತು. ಹನ್ನೊಂದು ಹೆಸರು, ಹಾಡಿನಲ್ಲಿ ಬಂದ ಕ್ರಮದಲ್ಲೇ. ಗೊತ್ತಿಲ್ಲದೆ ಆಯಿತು ಎನ್ನುವಿರಾ? ಸರಿ, ಗೊತ್ತಾದ ಮೇಲೆ ಏನು ಮಾಡಿದಿರಿ? ನಾನು ಬರೆದ ಮೂರು ಪತ್ರಗಳಿಗೆ ಏಕೆ ಉತ್ತರವಿಲ್ಲ?

ಉತ್ತರ ಧ್ವನಿವರ್ಧಕದಲ್ಲಿ ಬಂತು. ನಮ್ಮ ಮನೆ ಹತ್ತಿರದ ಮೈದಾನದಲ್ಲಿ ನಡೆದ ತಮ್ಮ ಕಾರ್ಮಿಕ ದಿನಾಚರಣೆಯಲ್ಲಿ ಶಾಲಾ ಮಕ್ಕಳು ಅದೇ ಹಾಡು ಹಾಡಿದರು. ಕೈಗವಸೂ ಇಲ್ಲ, ಕಿಟಕಿಯೂ ಇಲ್ಲ. ಹೆಸರುಗಳ ಜಾಗದಲ್ಲಿ ಲ ಲ ಲಾ. ಅಕ್ಕ ಅಡುಗೆಮನೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಆರು ತಿಂಗಳಿಂದ ಎಲ್ಲೂ ಅವಳಿಗೆ ಕೆಲಸ ಕೊಟ್ಟಿಲ್ಲ. “ಚೆನ್ನಾಗಿ ಹಾಡ್ತಾವೆ ಮಕ್ಳು,” ಅಂದಳು. “ಮಡಚೋಕೆ ಮಾತ್ರ ಬರಲ್ಲ ಆ ಹೆಜ್ಜೇಲಿ.” ನನಗೆ ಅವಳ ಮುಖ ನೋಡಲಾಗಲಿಲ್ಲ.

ನನಗೆ ಬೇಕಾದದ್ದು ಇಷ್ಟು. ತಮ್ಮ ಧ್ವನಿಮುದ್ರಿಕೆ ಹಾಡೇ ಹೊರತು ಸಾಕ್ಷ್ಯವಲ್ಲ, ಆ ಹನ್ನೊಂದು ಜನರನ್ನು ವಾಪಸು ತೆಗೆದುಕೊಳ್ಳಿ ಎಂದು ಆಡಳಿತಕ್ಕೆ ಬರೆಯಿರಿ. ಸೌಜನ್ಯ ಪ್ರತಿ ಕಳಿಸಲು ಬಂದ ಕೈಗೆ ಇದೂ ಬಂದೀತು. ಅವರು ಮರಳುವ ತನಕ ಆ ಹಾಡನ್ನು ಯಾವ ವೇದಿಕೆಯಲ್ಲೂ ಹಾಡಿಸಬೇಡಿ.

ನನಗೆ ಇನ್ನೂ ಕೆಲಸವಿದೆ. ಧ್ವನಿಮುದ್ರಣದ ದಿನ ಗಂಟಲು ಕಟ್ಟಿತ್ತು, ಮೂಲೆಯಲ್ಲಿ ಸುಮ್ಮನೆ ಕೂತಿದ್ದೆ. ಅಕ್ಕ ಇದನ್ನು ಒಮ್ಮೆಯೂ ಎತ್ತಿ ಆಡಿಲ್ಲ, ಆಡಿದ್ದರೆ ಸುಲಭವಾಗುತ್ತಿತ್ತು. ಈ ಪತ್ರದ ಒಂದು ಪ್ರತಿಯನ್ನು ನನ್ನ ಹೆಸರು, ವಿಳಾಸದೊಂದಿಗೆ ಆಡಳಿತಕ್ಕೆ ನಾನೇ ಕಳಿಸಿದ್ದೇನೆ. ಈ ಸಲ ತಾವು ತೊಂದರೆ ತೆಗೆದುಕೊಳ್ಳಬೇಡಿ.

ಇಂತಿ,
ತಡವಾಗಿ ಗಂಟಲು ಬಿಚ್ಚಿದ ಹನ್ನೆರಡನೆಯವಳು.
ಅಕ್ಕಾ, ನಾನಿದ್ದೀನಿ.