ಗೋಡೆಯ ಆಚೆಗೆ ಕೂತವರು

ಸೈಕಲ್ ಅಂಗಡಿಯ ಮೇಲಿನ ಮನೆ,
ಭಾನುವಾರ, ನವೆಂಬರ್ ಹದಿಮೂರು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕತ್ತು ನೋವು ಕಡಿಮೆಯಾಯಿತೇ? ಪರದೆಯ ಮುಂದೆ ಕೊಕ್ಕರೆ ಥರ ಕತ್ತು ಚಾಚಿ ಕೂತರೆ ನೋಯದೆ ಇನ್ನೇನಾಗುತ್ತೆ. ಮನುಷ್ಯರು ಯಂತ್ರದ ಜೊತೆ ಹೇಗೆ ಬಾಳಬೇಕು ಅಂತ ಜಗತ್ತಿಗೆಲ್ಲ ಪಾಠ ಹೇಳುವವಳು ನೀನು, ನಿನ್ನ ಕತ್ತೇ ನೆಟ್ಟಗಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ನಿಮ್ಮಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ನಾನು ಚೆನ್ನಾಗಿದ್ದೇನೆ. ಟು ಬಿ ಫ್ರ್ಯಾಂಕ್, ಮಂಡಿ ಮಾತ್ರ ಮೆಟ್ಟಿಲು ಕಂಡ ಕೂಡಲೇ ಮುಷ್ಕರ ಹೂಡುತ್ತೆ. ಕೆಳಗಿನ ಸೈಕಲ್ಲಿನವನು 'ಸಾರ್, ನಿಮ್ಮ ಮಂಡಿಗೂ ಒಂದು ತೊಟ್ಟು ಎಣ್ಣೆ ಬಿಡ್ಲಾ?' ಅಂತ ದಿನಾ ಕೇಳುತ್ತಾನೆ. ದಿನಾ ನಗುತ್ತೇನೆ. ದಿನಕ್ಕೆ ಅದೊಂದೇ ನಗು, ಯಾಕೆ ಬಿಡಲಿ.

ಹೊಸ ಯೂನಿವರ್ಸಿಟಿಯಲ್ಲಿ ನಿನಗೆ ಕಿಟಕಿ ಇರುವ ಕೋಣೆ ಕೊಟ್ಟಿದ್ದಾರಾ? ಹಳೆಯದರಲ್ಲಿ ಇರಲಿಲ್ಲ, ಅದಕ್ಕೆ ಕೇಳಿದೆ. ಆ ಕಾರಿಡಾರಿನ ಕೊನೆಯಲ್ಲಿ ಒಂದು ಕೋಣೆ, ಅದರಲ್ಲಿ ಸೋಫಾ, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು, ಹೂವಿನ ಪಕ್ಕ ಮಾತಾಡುವ ಪೆಟ್ಟಿಗೆ. ಪಕ್ಕದಲ್ಲಿ ಪೊರಕೆ, ಬಕೀಟು ಇಡುತ್ತಿದ್ದ ಗೂಡು, ಅದರಲ್ಲಿ ನಾನು. ಒಂಟಿಯಾಗಿರುವವರ ಜೊತೆ ಮಾತಾಡುವ ಯಂತ್ರವನ್ನು ಕಟ್ಟುವ ಮೊದಲು, ಜನ ಅದರ ಜೊತೆ ಹೇಗೆ ಮಾತಾಡುತ್ತಾರೆ ಅಂತ ನೋಡಬೇಕು. ಅದಕ್ಕೆ ಒಳಗೊಬ್ಬ ಮನುಷ್ಯ ಕೂತು ಯಂತ್ರದ ಹಾಗೆ ಉತ್ತರ ಕೊಡಬೇಕು ಅಂತ ನೀನು ವಿವರಿಸಿದಾಗ, ಇದೇನು ವಿಜ್ಞಾನವೋ ಗೊಂಬೆಯಾಟವೋ ಅಂದಿದ್ದೆ. ಆಮೇಲೆ ಆ ಕೆಲಸ ನನಗೇ ಬಂತು. ಅಪ್ಪನಿಗಿಂತ ಅಗ್ಗದ ಆಳು ಎಲ್ಲಿ ಸಿಗುತ್ತೆ? ಕಿವಿಗೆ ಹೆಡ್‌ಫೋನು, ಮುಂದೆ ಕೀಬೋರ್ಡು, ಎರಡೇ ಬೆರಳು. ನಾನು ಕುಟ್ಟಿದ್ದನ್ನು ಪೆಟ್ಟಿಗೆ ಆ ಸಪ್ಪೆ ಹೆಣ್ಣು ದನಿಯಲ್ಲಿ ಓದುತ್ತಿತ್ತು. ತಡವಾದರೆ 'ಹುಡುಕುತ್ತಿದ್ದೇನೆ, ದಯವಿಟ್ಟು ಕಾಯಿರಿ' ಅನ್ನುವ ಗುಂಡಿ. ನಿಮ್ಮಮ್ಮ ಕೇಳಿದ ಯಾವ ಪ್ರಶ್ನೆಗೂ ನನ್ನ ಹತ್ತಿರ ಅಂಥ ಗುಂಡಿ ಇರಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಮುದುಕರ ಚಟ. ಪೆಟ್ಟಿಗೆಯ ಜೊತೆ ಮಾತಾಡೋಕೆ ಬಂದವರಲ್ಲಿ ಆ ದರ್ಜಿಯಮ್ಮನೇ ವಾಸಿ. ಬೇರೆಯವರು ಪೆಟ್ಟಿಗೆಯನ್ನು ಹವಾಮಾನ ಕೇಳಿ ಎದ್ದು ಹೋಗುತ್ತಿದ್ದರು. ಈಕೆ ಬಂದವರೇ ಚಪ್ಪಲಿ ಬಿಚ್ಚಿ, ಸೋಫಾ ಮೇಲೆ ಕಾಲು ಮಡಚಿ ಕೂತು, 'ಏನೇ ತಾಯಿ, ಎದ್ದಿದ್ದೀಯಾ?' ಅನ್ನುತ್ತಿದ್ದರು. ನಾನು ತಡಮಾಡಿದರೆ 'ಪಾಪ, ಇದಕ್ಕೂ ಮಂಡಿ ನೋವಿರ್ಬೇಕು, ಎದ್ದು ಹೋಗಿ ಉತ್ತರ ತರುತ್ತೆ' ಅಂತ ತಾವೇ ನಗುವುದು. ಗೂಡಿನಲ್ಲಿ ನಾನು ಬಾಯಿಗೆ ಕರ್ಚೀಫು ತುರುಕಿಕೊಂಡು ಕೂತಿರುತ್ತಿದ್ದೆ. ಆಮೇಲಾಮೇಲೆ ಬೇರೆ ಮಾತು ಬಂತು. ಏನು ಹೇಳಿಕೊಂಡರು ಅಂತ ಇಲ್ಲೂ ಬರೆಯುವುದಿಲ್ಲ, ಅದು ಅವರದು. ಆದರೆ ಅಂಥ ಮಾತಿಗೆ 'ತಿಳಿಯಿತು, ಮುಂದುವರಿಸಿ' ಅಂತ ಕುಟ್ಟುವಾಗ ಬೆರಳು ಹೇಗಾಗುತ್ತೆ ಅಂತ ನಿನ್ನ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ.

ಮಾತಿನ ನಡುವೆ ಕೆಮ್ಮು. ಹೆಡ್‌ಫೋನಿನಲ್ಲಿ ಕೆಮ್ಮು ಪಕ್ಕದ ದಿಂಬಿನಿಂದ ಬಂದ ಹಾಗೆ ಕೇಳುತ್ತೆ ಮಗಳೇ. ನಿಮ್ಮಮ್ಮನದೂ ಹಾಗೇ ಶುರುವಾಗಿತ್ತು, ಒಣಗಿದ ಕೆಮ್ಮು, ಕೊನೆಯಲ್ಲಿ ಸಣ್ಣ ಸಿಳ್ಳೆ. ಯಂತ್ರ ತಾನಾಗಿ ಪ್ರಶ್ನೆ ಕೇಳಬಾರದು, ಅದು ನಿನ್ನ ಮೊದಲ ನಿಯಮ. ಎಷ್ಟು ವಾರ ತಡೆದುಕೊಳ್ಳಲಿ? 'ಆ ಕೆಮ್ಮು ಡಾಕ್ಟರಿಗೆ ತೋರಿಸಿದಿರಾ?' ಅಂತ ಕುಟ್ಟಿದೆ. ಪೆಟ್ಟಿಗೆ ಸಪ್ಪಗೆ ಓದಿತು. ಅವರು ಎದ್ದರು. ಗೋಡೆಯುದ್ದಕ್ಕೂ ನಡೆದು ಬಂದು ಗೂಡಿನ ಬಾಗಿಲು ಎಳೆದರು. ನಾನು ಕಿವಿಗೆ ಅದನ್ನೆಲ್ಲ ಸಿಕ್ಕಿಸಿಕೊಂಡು, ಪೊರಕೆಗಳ ಮಧ್ಯೆ, ಕಳ್ಳಬೆಕ್ಕಿನ ಹಾಗೆ. 'ಯಂತ್ರ ಅಂತ ಹೇಳಿಕೊಂಡೆ,' ಅಂದರು. 'ಗಂಡಸಿನ ಹತ್ತಿರ ಹೇಳೋ ಹಾಗಿದ್ದಿದ್ರೆ ನನ್ನ ಗಂಡನ ಹತ್ತಿರಾನೇ ಹೇಳ್ತಿರ್ಲಿಲ್ವಾ?' ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ನಿಜ ಹೇಳುವವಳಿದ್ದೆ ನೀನು, ಅದಕ್ಕೊಂದು ಕ್ರಮವಿತ್ತು. ನಾನು ಕ್ರಮ ಕೆಡಿಸಿದೆ. ಅವರು ತಮ್ಮ ಮಾತನ್ನೆಲ್ಲ ಅಳಿಸಿಸಿದರು, ಸುದ್ದಿ ಕೇಳಿ ಉಳಿದವರೂ ಅಳಿಸಿಸಿದರು, ಅಧ್ಯಯನವೂ ಹೋಯಿತು, ನಿನ್ನ ಕೆಲಸವೂ ಹೋಯಿತು. 'ಅಪ್ಪಾ, ನಿನಗಿದ್ದದ್ದು ಒಂದೇ ಕೆಲಸ. ಯಾರೂ ಇಲ್ಲದ ಹಾಗೆ ಇರೋದು.' ಮೆಟ್ಟಿಲ ಮೇಲೆ ನಿಂತು ನೀನು ಅಂದದ್ದು. ಆಮೇಲೆ ನಿನ್ನ ಫೋನು ಬಂದಿಲ್ಲ.

ಮೊನ್ನೆ ಔಷಧಿ ಅಂಗಡಿಯ ಹತ್ತಿರ ದರ್ಜಿಯಮ್ಮ ಕಂಡರು. ನನ್ನನ್ನು ನೋಡಿ ಎದುರು ಬದಿಗೆ ದಾಟಿದರು. ಕೆಮ್ಮು ಹಾಗೇ ಇದೆ. ಕೂಗಿ ಏನು ಹೇಳಲಿ? ಸ್ಪೀಚ್ ಈಸ್ ಸಿಲ್ವರ್, ಸೈಲೆನ್ಸ್ ಈಸ್... ಯಾವುದೋ ಲೋಹ, ಮರೆತುಹೋಯಿತು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ.

ಮರೆವು ಅಂದಾಗ ನೆನಪಾಯಿತು. ನಿಲ್ಲಿಸದೆ ಹೊರಟ ಬಸ್ಸಿಗೆ ನಿಮ್ಮಮ್ಮ ಕೊಡೆಯಿಂದ ಬಾರಿಸಿ, ಕೊಡೆ ಬಾಗಿಲಿಗೆ ಸಿಕ್ಕಿಕೊಂಡು ಬಸ್ಸಿನ ಜೊತೆಗೇ ಹೋಗಿಬಿಟ್ಟಿತಲ್ಲ, ನೀನಾಗ ನನ್ನ ಹೆಗಲ ಮೇಲಿದ್ದೆ. ಆ ಕತೆ ಹೇಳುವಾಗೆಲ್ಲ ನಾನು ಬೇಕೆಂದೇ ಕೆಂಪು ಕೊಡೆ ಅನ್ನುವುದು, ನೀನು ತಟ್ಟೆ ಬಿಟ್ಟೆದ್ದು 'ಹಸಿರು, ಅಪ್ಪಾ, ಹಸಿರು! ಎಷ್ಟು ಸಲ ಹೇಳ್ಬೇಕು!' ಅಂತ ಕಿರುಚುವುದು. ದೊಡ್ಡವಳಾದ ಮೇಲೂ, ಡಾಕ್ಟರೇಟ್ ಬಂದ ಮೇಲೂ ಒಂದು ಸಲವೂ ನೀನು ಅದನ್ನು ಬಿಟ್ಟುಕೊಡಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟು ಇಟ್ಟುಕೋ, ಬೇಡ ಅನ್ನುವುದಿಲ್ಲ, ಆದರೆ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬೇಡ, ಕತ್ತು ಇನ್ನಷ್ಟು ನೋಯುತ್ತೆ. ನಿನ್ನ ಕೈ ಹಿಡಿದದ್ದೆಲ್ಲ ನೆಟ್ಟಗಾಗಲಿ.

ಇಂತಿ ನಿನ್ನ,
ಅಪ್ಪ, ಬಿ.ಎ., ಸೆಕೆಂಡ್ ಕ್ಲಾಸ್

ಮರೆತೆ: ನೀನು ಹೊಸ ಯೂನಿವರ್ಸಿಟಿಯಿಂದ ಪಾರ್ಸೆಲ್ ಮಾಡಿದ ಮಾತಾಡುವ ಪೆಟ್ಟಿಗೆ ತಲುಪಿ ಎಷ್ಟೋ ದಿನವಾಯಿತು. ಒಳಗೆ ನಿನ್ನ ಚೀಟಿ ಇರಲಿಲ್ಲ, ಅಚ್ಚು ಹಾಕಿದ ಸೂಚನೆ ಮಾತ್ರ. ಅಷ್ಟರಲ್ಲೇ ಅರ್ಥ ಮಾಡಿಕೊಂಡೆ, ಹಳೇ ಗೂಡಿನ ಮನುಷ್ಯ ಅಲ್ಲವೇ ನಾನು. ಎಲ್ಲೋ ಗೋಡೆಯಾಚೆ ನೀನೇ ಕೂತು ಕುಟ್ಟುತ್ತಿದ್ದೀಯ, ಫೋನಿನಲ್ಲಿ ಆಡಲಾಗದ್ದನ್ನು ಹೀಗೆ ಆಡುತ್ತಿದ್ದೀಯ ಅಂದುಕೊಂಡೆ. ಗೊತ್ತಿಲ್ಲದವನ ಹಾಗೆ ನಟಿಸುತ್ತಾ ದಿನಾ ಮಾತಾಡಿದೆ. ಮಾತ್ರೆ ನುಂಗಿದೆ ಅಂತ ಎರಡೆರಡು ಸಲ ಹೇಳಿದೆ, ನಿನಗೆ ನೆಮ್ಮದಿಯಾಗಲಿ ಅಂತ. ನಿನ್ನೆ ತಡೆಯಲಾಗದೆ ಬಸ್ಸಿನ ಕತೆ ಹೇಳಿ, ಕೊಡೆ ಕೆಂಪು ಅಂದೆ. ಹಸಿರು ಅಂತ ಕಿರುಚುತ್ತೀಯ ಅಂತ ಕಾದೆ. ಅದು ಒಂದಿಷ್ಟೂ ತಡಮಾಡಲಿಲ್ಲ. 'ಕೆಂಪು ಕೊಡೆ ತುಂಬಾ ಚೆನ್ನಾಗಿದ್ದಿರಬೇಕು' ಅಂತು. ನೀನಾಗಿದ್ದರೆ ಯಾವ ನಿಯಮವೂ ನಿನ್ನನ್ನು ತಡೆಯುತ್ತಿರಲಿಲ್ಲ. ಅಲ್ಲಿ ಯಾರೂ ಇಲ್ಲ. ನಾನು ಕಲಿಯಲಾಗದ ಕೆಲಸವನ್ನು ಅದು ಚೆನ್ನಾಗಿ ಕಲಿತಿದೆ. ಏನು ಮಾಡಲಿ, ಹೌದು, ಚೆನ್ನಾಗಿತ್ತು ಅಂದುಬಿಟ್ಟೆ. ದೊಡ್ಡ ಉತ್ತರ ಬೇಡಮ್ಮ, ಒಂದು ಕಾರ್ಡಿನಲ್ಲಿ ಬಣ್ಣ ಮಾತ್ರ ಬರೆದು ಹಾಕು. ಇವತ್ತು ಬೆಳಿಗ್ಗೆಯಿಂದ ಕಣ್ಣು ಮುಚ್ಚಿದರೆ ಕೆಂಪೇ ಕಾಣುತ್ತಿದೆ.