ಏಳನೇ ನಂಬರಿನ ಹಂದಿ ನಿಮ್ಮ ಆಹಾರ ತಿಂದಿಲ್ಲ

ಪಶುಪಕ್ಷಿ ಆಹಾರ ಸುಧಾರಣಾ ಕಚೇರಿಯ ಮಾನ್ಯ ನಿರ್ದೇಶಕರೇ,

ಹದಿನಾಲ್ಕು ತಿಂಗಳಿಂದ ಮುಚ್ಚಿಟ್ಟುಕೊಂಡಿದ್ದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ: ನಿಮ್ಮ ವರದಿಯ ಮುಖಪುಟದಲ್ಲಿ ಕೊರಳಿಗೆ ಹಸಿರು ರಿಬ್ಬನ್ ಕಟ್ಟಿಕೊಂಡು ನಿಂತಿರುವ ಏಳನೇ ನಂಬರಿನ ಹಂದಿ ನಿಮ್ಮ ಸುಧಾರಿತ ಆಹಾರವನ್ನು ಒಂದು ಹಿಡಿಯೂ ತಿಂದಿಲ್ಲ. ಅದರ ಪಕ್ಕದಲ್ಲಿ ನಿಂತು ನಗುತ್ತಿರುವ ಹುಡುಗಿ ನಾನು. ಹಂದಿಗೆ ವಿಷಯ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹಾಗಾಗಿ ಆ ಫೋಟೋದಲ್ಲಿ ಸುಳ್ಳು ಮುಖ ನನ್ನದೊಂದೇ.

ಈ ಸುಳ್ಳು ನಮ್ಮ ಮನೆಯೊಳಗೇ ಇದ್ದಿದ್ದರೆ ಇನ್ನಷ್ಟು ಕಾಲ ಇಟ್ಟುಕೊಳ್ಳುತ್ತಿದ್ದೆನೋ ಏನೋ. ಆದರೆ ಆ ಹಂದಿಯ ತೂಕವನ್ನು ನಂಬಿ ನೀವು ಕಳೆದ ವಾರ ಆದೇಶ ಹೊರಡಿಸಿದ್ದೀರಿ. ಕೈರೋದ ಕಸವನ್ನೆಲ್ಲ ಹೊತ್ತು ತಂದು ಬೇರೆ ಮಾಡುವ ನಮ್ಮ ಮುಖತ್ತಮ್ ಗುಡ್ಡದ ಬಡಾವಣೆಯಲ್ಲಿ ಇನ್ನು ಮುಂದೆ ಹಂದಿಗೂ ಕೋಳಿಗೂ ಬಾತುಕೋಳಿಗೂ ನಿಮ್ಮ ಮೂಟೆಯ ಆಹಾರವನ್ನೇ ಹಾಕಬೇಕಂತೆ. ಬಾನಿಯಲ್ಲಿ ಮುಸುರೆ ಕಂಡರೆ ಪ್ರಾಣಿಗಳನ್ನು ಜಪ್ತಿ ಮಾಡುತ್ತೀರಂತೆ. ಮೊದಲ ತಪಾಸಣೆ ಬರುವ ಶನಿವಾರ. ನನ್ನ ಅಜ್ಜಿ ತಫೀದಾ ಅವರ ಆರು ಹಂದಿ, ಇಪ್ಪತ್ತು ಬಾತುಕೋಳಿ, ಹನ್ನೊಂದು ಕೋಳಿ ನನ್ನ ಸುಳ್ಳಿನಿಂದ ಹುಟ್ಟಿದ ಕಾಗದಕ್ಕೆ ಬಲಿಯಾಗಲಿವೆ. ಅವು ಹೋದರೆ ಅಜ್ಜಿಗೆ ಬೆಳಿಗ್ಗೆ ಏಳಲು ಕಾರಣವೇ ಇರುವುದಿಲ್ಲ. ಇದನ್ನು ನಿಮ್ಮ ಆದೇಶದ ಯಾವ ಕಲಮಿನಲ್ಲೂ ಬರೆದಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಎಂಟನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಸಮತೋಲನ ಆಹಾರಕ್ಕೆ ಉದಾಹರಣೆ ಕೊಡಿ ಎಂದರು. ನಮ್ಮ ಹಂದಿಯ ಒಂದು ದಿನದ ಊಟವನ್ನು ಬೆಳಗಿನಿಂದ ಸಂಜೆಯವರೆಗೆ ವಿವರಿಸಿದೆ. ಅಪ್ಪನನ್ನು ಕರೆದುಕೊಂಡು ಬಾ ಎಂದು ಹೊರಗೆ ಕಳಿಸಿದರು. ಅಪ್ಪ, ಹೆಸರು ಅಯ್ಯಾದ್, ಟೆಂಪೋದಲ್ಲಿ ಕಸ ತರಲು ಹೋಗಿದ್ದ. ಅವನು ಬರಲಿ ಎಂದು ಕಾಯುತ್ತಾ ಕೂತವಳು ಮತ್ತೆ ಶಾಲೆಗೆ ಹೋಗಲೇ ಇಲ್ಲ. ಈಗ ನನಗೆ ಹತ್ತೊಂಬತ್ತು. ನಮ್ಮ ಮನೆಯಲ್ಲಿ ಓದು ಬರಹ ಬರುವುದು ನನಗೊಬ್ಬಳಿಗೇ ಆದ್ದರಿಂದ ನಿಮ್ಮ ಪ್ರಯೋಗದ ದಾಖಲೆ ಪುಸ್ತಕ ನನ್ನ ಕೈಗೆ ಬಂತು.

ಹೋದ ವರ್ಷದ ಜನವರಿಯಲ್ಲಿ ನಿಮ್ಮ ಪರಿವೀಕ್ಷಕರು ಬಂದರು. ಬಿಳಿ ಕೋಟು, ಒಳ್ಳೆಯ ಮನುಷ್ಯ, ಹಂದಿ ಎಂದರೆ ಸ್ವಲ್ಪ ಭಯ. ನಮ್ಮ ಪ್ರಾಣಿಗಳು ಆರು ತಿಂಗಳು ಮೂಟೆಯ ಆಹಾರ ತಿನ್ನಬೇಕು, ಪಕ್ಕದ ಮನೆಯ ಉಮ್ಮ್ ಬೋಲಾ, ಅಂದರೆ ಬೋಲಾನ ತಾಯಿ, ತನ್ನ ಪ್ರಾಣಿಗಳಿಗೆ ಹಿಂದಿನಂತೆ ಮುಸುರೆ ಹಾಕಬೇಕು, ಗುರುವಾರ ಗುರುವಾರ ಎರಡೂ ಮನೆಯ ತೂಕ ಬರೆಯಬೇಕು ಎಂದು ಏರ್ಪಾಡಾಯಿತು. ಹನ್ನೆರಡು ಮೂಟೆ ಇಳಿಸಿ ಅವರು ಹೋದರು. ನಾನು ಪುಸ್ತಕಕ್ಕೆ ಗೆರೆ ಹಾಕುತ್ತಾ ಕೂತೆ. ಗೆರೆ ಮುಗಿಸಿ ತಲೆ ಎತ್ತುವಷ್ಟರಲ್ಲಿ ಅಜ್ಜಿ ಮೊದಲ ಮೂಟೆಯನ್ನು ಅಂಗಳಕ್ಕೆ ಸುರಿದು, ಜರಡಿ ಹಿಡಿದು, ಬೇರೆ ಮಾಡುತ್ತಾ ಕೂತಿದ್ದಳು.

ಮಾನ್ಯರೇ, ನಮ್ಮ ಅಜ್ಜಿ ಅರವತ್ತು ವರ್ಷದಿಂದ ಬೇರೆ ಮಾಡುತ್ತಿದ್ದಾಳೆ. ತಗಡು ಒಂದು ಕಡೆ, ಗಾಜು ಒಂದು ಕಡೆ, ಬಿಳಿ ಕಾಗದ, ಕಂದು ಕಾಗದ, ಬಾಟಲಿ, ಬಾಟಲಿಯ ಮುಚ್ಚಳ. ಬೆರೆತ ಪದಾರ್ಥ ಕಣ್ಣಿಗೆ ಬಿದ್ದರೆ ಅವಳ ಕೈ ಸುಮ್ಮನಿರುವುದಿಲ್ಲ. ನಿಮ್ಮ ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಜೋಳದ ನುಚ್ಚು, ಗೋಧಿ ಬೂಸಾ, ಸೋಯಾ ಹಿಂಡಿ, ಕಪ್ಪೆಚಿಪ್ಪಿನ ಚೂರು ಎಲ್ಲವನ್ನೂ ಹದವಾಗಿ ಬೆರೆಸಿದ್ದರು. ಅಜ್ಜಿ ಅದನ್ನು ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಗುಡ್ಡೆ ಮಾಡಿದಳು.

“ಸಿತ್ತಿ, ಏನ್ ಮಾಡ್ತಿದ್ದೀಯಾ? ಅದನ್ನ ಹಾಗೇ ಹಾಕ್ಬೇಕಂತೆ!” ಎಂದೆ. ಅಜ್ಜಿಯನ್ನು ನಾನು ಕರೆಯುವುದು ಸಿತ್ತಿ ಎಂದೇ.

“ಪಾಪ, ಆ ಆಫೀಸಲ್ಲಿ ಬೇರೆ ಮಾಡೋಕೆ ಹೆಣ್ಮಕ್ಕಳಿಲ್ಲ ಅನ್ಸುತ್ತೆ ಕಣೇ. ಎಲ್ಲಾ ಒಟ್ಟಿಗೆ ತುಂಬಿ ಕಳಿಸ್ಬಿಟ್ಟಿದ್ದಾರೆ. ಇರ್ಲಿ ಬಿಡು, ನಮ್ಮ ಕೈಲಾದ ಸಹಾಯ.”

“ಸಹಾಯ ಅಲ್ಲ ಸಿತ್ತಿ, ಅದು ವಿಜ್ಞಾನ.”

“ವಿಜ್ಞಾನಾನೂ ಜರಡಿ ಹಿಡಿದ್ರೆ ಚೆನ್ನಾಗಾಗುತ್ತೆ. ಆ ಕಡೆ ತುದಿ ಹಿಡ್ಕೋ.”

ಹಿಡಿದುಕೊಂಡೆ. ನನ್ನ ತಪ್ಪು ಶುರುವಾದದ್ದು ಅಲ್ಲಿ.

ಹನ್ನೆರಡು ಮೂಟೆ ಎಲ್ಲಿಗೆ ಹೋಯಿತೆಂದು ತಿಳಿಯುವ ಹಕ್ಕು ನಿಮಗಿದೆ. ಜೋಳದ ನುಚ್ಚು ನೀರಲ್ಲಿ ನೆನೆದು ಬಾತುಕೋಳಿಗಳಿಗೆ ಹೋಯಿತು. ಅಜ್ಜಿ ಬಾತುಕೋಳಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಕೊಕ್ಕು ಬಿಡಿಸಿ, ನೆನೆದ ನುಚ್ಚನ್ನು ಬೆರಳಿನಿಂದ ಗಂಟಲಿಗೆ ಇಳಿಸುತ್ತಾಳೆ. ನಿಮ್ಮ ಆದೇಶ ಇದನ್ನು ಅವೈಜ್ಞಾನಿಕ ಬಲವಂತ ಎಂದು ಕರೆದಿದೆ. ಬಲವಂತ ಹೌದು. ಬಾತುಕೋಳಿಯ ಅಭಿಪ್ರಾಯವನ್ನು ಅಜ್ಜಿಯೂ ಕೇಳಿಲ್ಲ, ನೀವೂ ಕೇಳಿಲ್ಲ. ಚಿಪ್ಪಿನ ಚೂರು ಮೊಟ್ಟೆಯಿಡುವ ಕೋಳಿಗಳಿಗೆ ಹೋಯಿತು. ಮೊಟ್ಟೆಗಳು ಎಷ್ಟು ಗಟ್ಟಿಯಾದವೆಂದರೆ ಒಡೆಯಲು ಅಪ್ಪ ಒಂದು ದಿನ ಟೆಂಪೋದ ಸ್ಪ್ಯಾನರ್ ತಂದ. ಹಿಂಡಿ ಅಪ್ಪ ಮಾಳಿಗೆಯ ಮೇಲೆ ಸಾಕಿದ ಪಾರಿವಾಳಕ್ಕೆ. ಖಾಲಿ ಮೂಟೆಗಳು ಪ್ಲಾಸ್ಟಿಕ್ಕಿನ ಗುಡ್ಡೆಗೆ. ಬೂಸಾದಿಂದ ಅಜ್ಜಿ ರೊಟ್ಟಿ ಸುಟ್ಟಳು.

ಆ ರೊಟ್ಟಿಯ ವಿಷಯ ಸ್ವಲ್ಪ ಸೂಕ್ಷ್ಮ. ಗುರುವಾರ ತೂಕ ನೋಡಲು ಬಂದ ನಿಮ್ಮ ಪರಿವೀಕ್ಷಕರಿಗೆ ಅಜ್ಜಿ ಅದನ್ನೇ ಬಡಿಸುತ್ತಿದ್ದಳು.

“ಅಮ್ಮಾ, ಇಂಥಾ ರೊಟ್ಟಿ ನಮ್ಮ ಬೀದಿಯಲ್ಲಿ ಸಿಗೋದೇ ಇಲ್ಲ. ಎಲ್ಲಿಂದ ತರ್ತೀರಿ ಬೂಸಾ?”

“ನೀನೇ ತಂದಿದ್ದಲ್ವಾ ಮಗಾ. ಎಲ್ಲಾ ನಿಮ್ಮದೇ. ತಿನ್ನು ತಿನ್ನು.”

ಅವರು ಅದನ್ನು ಉಪಚಾರದ ಮಾತೆಂದುಕೊಂಡರು. ನಾಲ್ಕು ರೊಟ್ಟಿ ತಿಂದರು. ಎದ್ದು ನಿಂತಾಗ ಅಜ್ಜಿ, “ಬಾ, ನಿನ್ನನ್ನೂ ತೂಗ್ತೀನಿ” ಎಂದು ನಗುತ್ತಾ ಹಂದಿಯ ತೂಕದ ಯಂತ್ರದ ಮೇಲೆ ಹತ್ತಿಸಿದಳು. ಅವರಿಗೆ ಅದು ತಮಾಷೆಯಾಯಿತು, ಪ್ರತಿ ಗುರುವಾರ ಹತ್ತಿದರು. ನಾನು ಸುಮ್ಮನಿರಲಾರದೆ ಅದನ್ನೂ ಕೊನೆಯ ಪುಟದಲ್ಲಿ ಬರೆದಿಟ್ಟೆ. ಜನವರಿಯಲ್ಲಿ ಅರವತ್ತೆಂಟು ಕಿಲೋ, ಜುಲೈಯಲ್ಲಿ ಎಪ್ಪತ್ತೇಳು. ನಿಮ್ಮ ಆಹಾರವನ್ನು ಆರು ತಿಂಗಳು ತಪ್ಪದೆ ತಿಂದು ತೂಕ ಹೆಚ್ಚಿಸಿಕೊಂಡ ಜೀವಿ ಒಂದೇ. ಮುಖಪುಟದಲ್ಲಿ ಹಸಿರು ರಿಬ್ಬನ್ ಕಟ್ಟಬೇಕಾಗಿದ್ದದ್ದು ಯಾರಿಗೆ ಎಂದು ನೀವೇ ಹೇಳಿ.

ಇನ್ನು ಏಳನೇ ನಂಬರು. ಎರಡೂ ಮನೆಯ ಹಂದಿಗಳಿಗೆ ಪರಿವೀಕ್ಷಕರು ಸಾಲಾಗಿ ಕೊಟ್ಟ ನಂಬರು ಅದು. ಅವನಿಗೆ ಮನೆಯಲ್ಲಿ ಇಟ್ಟ ಹೆಸರು ಡೈರೆಕ್ಟರ್. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎಲ್ಲರಿಗಿಂತ ಮೊದಲು ತಿನ್ನುತ್ತಾನೆ, ತಿಂದಮೇಲೆ ಯಾರು ಕೂಗಿದರೂ ಓಗೊಡುವುದಿಲ್ಲ, ಅಷ್ಟಕ್ಕೇ ಆ ಹೆಸರು. ಮೂಟೆಯ ಆಹಾರವನ್ನು ಅವನ ಮುಂದೆ ಒಂದು ಸಲ ಇಟ್ಟದ್ದು ನಿಜ. ಮೂಸಿ ನೋಡಿ, ಬಾನಿಯನ್ನು ಮೂತಿಯಿಂದ ಮಗುಚಿ, ಅದರ ಮೇಲೆ ಮಲಗಿದ. ಆಮೇಲೆ ಅಪ್ಪ ತರುತ್ತಿದ್ದ ಮುಸುರೆಯನ್ನೇ ತಿಂದ. ಅಪ್ಪನ ದಾರಿಯಲ್ಲಿ ಮೂರು ದೊಡ್ಡ ಹೋಟೆಲುಗಳಿವೆ. ಪ್ರವಾಸಿಗರು ಅರ್ಧ ಕಚ್ಚಿ ಬಿಟ್ಟ ಬೆಣ್ಣೆಯ ಬನ್ನು, ಆಲೂಗಡ್ಡೆ, ಅನ್ನ, ಜೂನ್ ಬಂದರೆ ಟೆಂಪೋ ತುಂಬ ಕಲ್ಲಂಗಡಿ ಸಿಪ್ಪೆ. ಈಸ್ಟರ್‌ಗೆ ಮುಂಚೆ ನಾವು ಐವತ್ತೈದು ದಿನ ಹಾಲು ಮಾಂಸ ಬಿಟ್ಟು ಬೇಯಿಸಿದ ಅವರೆಕಾಳು ತಿಂದುಕೊಂಡಿದ್ದಾಗ ಮನೆಯಲ್ಲಿ ಬೆಣ್ಣೆ ತಿನ್ನುತ್ತಿದ್ದವನು ಡೈರೆಕ್ಟರ್ ಒಬ್ಬನೇ. ಜುಲೈಯಲ್ಲಿ ನೂರಹದಿನೆಂಟು ಕಿಲೋ ತೂಗಿದ.

ಪಕ್ಕದ ಮನೆಯ ಉಮ್ಮ್ ಬೋಲಾಳ ಹಂದಿಗಳೂ ಮುಸುರೆಯನ್ನೇ ತಿಂದವು, ಆದರೆ ಎಪ್ಪತ್ತು ದಾಟಲಿಲ್ಲ. ಈ ವ್ಯತ್ಯಾಸವನ್ನು ನಿಮ್ಮ ವರದಿ “ಸುಧಾರಿತ ಸೂತ್ರದ ನಿಸ್ಸಂದೇಹ ಗೆಲುವು” ಎಂದಿದೆ. ಮಾನ್ಯರೇ, ಅವಳ ಗಂಡ ಕಸ ತರುವುದು ಸರ್ಕಾರಿ ಕಚೇರಿಗಳಿರುವ ಬೀದಿಯಿಂದ. ಚಹಾ ಚರಟ, ಸಿಗರೇಟಿನ ತುದಿ, ಅರ್ಜಿಗಳು. ಆ ಬೀದಿಯಲ್ಲಿ ನಿಮ್ಮ ಕಟ್ಟಡವೂ ಇದೆ. ಹೋಟೆಲಿನವರು ತಟ್ಟೆಯಲ್ಲಿ ಬಿಡುತ್ತಾರೆ, ನಿಮ್ಮಲ್ಲಿ ಯಾರೂ ಏನೂ ಬಿಡುವುದಿಲ್ಲ. ನಿಮ್ಮ ಪ್ರಯೋಗದಿಂದ ಸಾಬೀತಾಗಿದ್ದು ಇಷ್ಟೇ.

ಇದನ್ನೆಲ್ಲ ಆಗಲೇ ಏಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳಿದ್ದೆ. ದಾಖಲೆ ಪುಸ್ತಕದ ‘ವಿಶೇಷ ವಿವರ’ ಎಂಬ ಕಾಲಮಿನಲ್ಲಿ ಮೊದಲ ವಾರವೇ “ಬನ್ನು ತಿಂದ” ಎಂದು ಬರೆದೆ. ಪರಿವೀಕ್ಷಕರು ನೋಡಿ ಮುಖ ಸಣ್ಣ ಮಾಡಿಕೊಂಡರು. “ಅಮ್ಮಾ ದಿಮ್ಯಾನಾ, ಈ ಕಾಲಂ ಹವಾಮಾನಕ್ಕೆ ಇರೋದು. ಬಿಸಿಲು, ಗಾಳಿ, ಅಷ್ಟೇ ಬರಿ. ಈ ಪ್ರಯೋಗ ಕೈಕೊಟ್ರೆ ನನ್ನನ್ನ ಮರಳುಗಾಡಿಗೆ ಹಾಕ್ತಾರೆ, ನನ್ನ ಮಗೂಗೆ ಮೊದಲೇ ಉಬ್ಬಸ” ಎಂದರು. ಅಂದಿನಿಂದ ಬಿಸಿಲು ಎಂದು ಬರೆದೆ. ಇದು ಒಳ್ಳೆಯ ಕಾರಣ. ಇನ್ನೊಂದು ಕಾರಣ ಅಷ್ಟು ಒಳ್ಳೆಯದಲ್ಲ: ವರದಿಯಲ್ಲಿ ನನ್ನ ಫೋಟೋ ಬಂತು. ಎಂಟನೇ ತರಗತಿಯ ಆ ಮೇಷ್ಟ್ರಿಗೆ ಒಂದು ಪ್ರತಿ ಅಂಚೆಯಲ್ಲಿ ಕಳಿಸಿದೆ. ಕಳಿಸಿದಮೇಲೆ ನಿಜ ಹೇಳುವುದು ಹೇಗೆ?

ಈಗ ಉಮ್ಮ್ ಬೋಲಾಳ ಮನೆಗೆ ಬನ್ನಿ. ಅವಳು ಭಯಸ್ಥೆ. ಆದೇಶ ಬಂದ ದಿನವೇ ಬಾನಿ ತೊಳೆದು, ನಿಮ್ಮ ಮೂಟೆ ಬಿಚ್ಚಿ, ಜರಡಿ ಮುಟ್ಟದೆ ಹಾಗೇ ಹಾಕಿದಳು. ಹಂದಿಗೂ ಅದೇ, ಕೋಳಿಗೂ ಅದೇ. ಆರನೇ ದಿನ ಕೋಳಿಗಳು ಚಿಪ್ಪಿಲ್ಲದ ಮೊಟ್ಟೆ ಇಟ್ಟವು. ಒಂದನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ಮನೆಗೆ ಓಡಿಬಂದಳು. ಅದು ಲೋಳೆಯಂತೆ ಅಲ್ಲಾಡುತ್ತಿತ್ತು.

“ತಫೀದಾಮ್ಮಾ, ಇದೇನ್ರೀ ಇದು! ಇದಕ್ಕೆ ಅಂಗಿ ಇಲ್ಲ!”

“ಕೋಳಿ ತಿನ್ನೋ ಸುಣ್ಣಾನ ಹಂದಿ ತಿಂತಿದೆ ಕಣೇ. ಹಂದಿ ಮೊಟ್ಟೆ ಇಡೋವರೆಗೂ ಕಾಯ್ತಾ ಕೂತ್ಕೋ.”

ಕೋಳಿಗೆ ಸಾಲದ ಸುಣ್ಣ ಹಂದಿಗೆ ವಿಪರೀತ, ಬಾತುಕೋಳಿಗೆ ಬೇಕಾದ ಜೋಳ ಹಂದಿಯ ಪಾಲಾಗುತ್ತಿದೆ. ಬೇರೆ ಬೇರೆ ಹೊಟ್ಟೆಗೆ ಒಂದೇ ಮೂಟೆ ಹೊಲಿದವರು ಯಾರು? ಅಜ್ಜಿಯ ನಾಲ್ಕು ಗುಡ್ಡೆಯಲ್ಲಿದ್ದ ಬುದ್ಧಿ ನಿಮ್ಮ ನಲವತ್ತು ಪುಟದ ವರದಿಯಲ್ಲಿ ಏಕಿಲ್ಲ? ಇನ್ನೊಂದು ಮಾತು. ಹಂದಿಗಳು ತಿನ್ನದ ಮುಸುರೆ ಈಗ ನಮ್ಮ ಗಲ್ಲಿಯಲ್ಲಿ ಸೊಂಟದೆತ್ತರ ಬೆಳೆದಿದೆ. ಅದನ್ನು ತಿನ್ನಲು ನಿಮ್ಮ ಕಚೇರಿಯಿಂದ ಯಾರನ್ನಾದರೂ ಕಳಿಸುತ್ತೀರಾ? ಪರಿವೀಕ್ಷಕರಾದರೆ ಅಡ್ಡಿಯಿಲ್ಲ, ಅವರಿಗೆ ನಮ್ಮ ಮನೆ ಗೊತ್ತು.

ನಿಮ್ಮದೂ ಒಂದು ಮಾತು ಸರಿಯಿದೆ, ಅದನ್ನು ಮುಚ್ಚಿಟ್ಟರೆ ಈ ಪತ್ರವೂ ಹಳೆಯ ಫೋಟೋದಂತಾಗುತ್ತದೆ. ಹಸಿ ಮುಸುರೆಯಲ್ಲಿ ರೋಗ ಇರುತ್ತದೆ ಎಂದಿದ್ದೀರಿ. ಹೌದು. ಹೋದ ಆಗಸ್ಟಿನಲ್ಲಿ ಮಾಂಸದ ಚೂರು ಬೆರೆತಿದ್ದ ಮುಸುರೆಯನ್ನು ಬೇಯಿಸದೆ ಹಾಕಿದೆ. ಎರಡು ಮರಿ ಸತ್ತವು. ಹಾಕಿದ್ದು ಅಜ್ಜಿಯಲ್ಲ, ನಾನು. ಚರ್ಚಿನ ಹಬ್ಬಕ್ಕೆ ಹೋಗುವ ಅವಸರವಿತ್ತು. ಅಜ್ಜಿ ಬೈಯಲಿಲ್ಲ. ಮೂರನೇ ದಿನ ಒಂದು ಡ್ರಮ್ಮು ತಂದು ಒಲೆಯ ಮೇಲಿಟ್ಟಳು. ಅಂದಿನಿಂದ ಒಂದು ಗಂಟೆ ಕುದಿಸದೆ ನಮ್ಮ ಬಾನಿಗೆ ಏನೂ ಬೀಳುವುದಿಲ್ಲ. ನಿಮ್ಮ ಆದೇಶದಲ್ಲಿ “ಕುದಿಸಿ” ಎಂಬ ಒಂದೇ ಪದ ಇದ್ದಿದ್ದರೆ ನಾನೇ ಬಡಾವಣೆಯೆಲ್ಲ ಸುತ್ತಿ ಓದಿ ಹೇಳುತ್ತಿದ್ದೆ.

ಆದ್ದರಿಂದ ಕೇಳುತ್ತಿದ್ದೇನೆ. ಶನಿವಾರದೊಳಗೆ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಮುಸುರೆ ಹಾಕುವವರು ಕುದಿಸಿ ಹಾಕಲಿ, ಅದನ್ನು ಬೇಕಾದರೆ ದಿನಾ ಬಂದು ಪರೀಕ್ಷಿಸಿ. ಮೂಟೆ ಕೊಡುವುದಿದ್ದರೆ ಕೋಳಿಯದು ಕೋಳಿಗೆ, ಹಂದಿಯದು ಹಂದಿಗೆ ಬೇರೆ ಮಾಡಿ ಕೊಡಿ. ಕೈ ಸಾಲದಿದ್ದರೆ ಅಜ್ಜಿ ಬರುತ್ತಾಳೆ, ಜರಡಿ ಅವಳದೇ. ವರದಿಯಿಂದ ಏಳನೇ ನಂಬರನ್ನು ತೆಗೆದುಹಾಕಿ. ಮಾದರಿ ಪ್ರಾಣಿಯನ್ನು ಕಡಿಯಬಾರದೆಂದು ನೀವು ಬರೆದುಕೊಟ್ಟಿದ್ದರಿಂದ ಅವನು ಈಗ ಇನ್ನೂರು ಕಿಲೋ ದಾಟಿ, ದೊಡ್ಡಿಯ ಬಾಗಿಲಿನಿಂದ ಹೊರಬರಲಾರದೆ ಕೂತಿದ್ದಾನೆ. ಶನಿವಾರ ಜಪ್ತಿಗೆ ಬರುವವರು ಗೋಡೆ ಒಡೆಯುವ ಸಾಮಾನನ್ನೂ ತರಲಿ. ಪರಿವೀಕ್ಷಕರನ್ನು ಮಾತ್ರ ಮರಳುಗಾಡಿಗೆ ಹಾಕಬೇಡಿ. ಸುಳ್ಳು ಬರೆದ ಕೈ ನನ್ನದು.

ಕೊನೆಯದೊಂದು ತೊಡಕಿದೆ. ಆ ಹಂದಿಯ ಯಶಸ್ಸನ್ನು ಮೆಚ್ಚಿ ನನ್ನನ್ನು ನೀವು ಮಾದರಿ ತರಬೇತುದಾರಳನ್ನಾಗಿ ನೇಮಿಸಿದ್ದೀರಿ. ಮಿನ್ಯಾ ಕಡೆಯ ಹನ್ನೊಂದು ಹಳ್ಳಿಗಳ ಹೆಂಗಸರಿಗೆ ನಿಮ್ಮ ಮೂಟೆಯನ್ನು ಹೇಗೆ ಹಾಕಬೇಕೆಂದು ಕಲಿಸಲು ಕಳಿಸುತ್ತಿದ್ದೀರಿ. ಟಿಕೆಟ್ಟು ಬಂದು ಮೇಜಿನ ಮೇಲೆ ಕೂತಿದೆ. ಇವತ್ತು ಪೆಟ್ಟಿಗೆ ಕಟ್ಟುತ್ತಿದ್ದಾಗ ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು.

“ಅಲ್ಲಿಗ್ಹೋಗಿ ಸುಳ್ಳು ಹೇಳ್ತೀಯೋ, ನಿಜ ಹೇಳ್ತೀಯೋ?”

“ನಿಜ ಹೇಳಿದ್ರೆ ಕೆಲಸ ಹೋಗುತ್ತೆ ಸಿತ್ತಿ.”

“ಹೋಗ್ಲಿ ಬಿಡು. ನಿಜ ಹೇಳಿ ಶಾಲೆ ಬಿಟ್ಟವಳಿಗೆ ಇದೇನ್ ಹೊಸದಾ?” ಎಂದು ತನ್ನ ಹಳೆಯ ಜರಡಿಯನ್ನು ನನ್ನ ಬಟ್ಟೆಗಳ ಮೇಲಿಟ್ಟು ಪೆಟ್ಟಿಗೆಯ ಮುಚ್ಚಳ ಒತ್ತಿದಳು. ಅದು ಮುಚ್ಚಲಿಲ್ಲ. ಹಗ್ಗ ಸುತ್ತಿ ಕಟ್ಟಿದ್ದೇವೆ.

ಇಂತಿ,
ಮುಖಪುಟದಲ್ಲಿ ಹಂದಿಯ ಎಡಗಡೆ ನಿಂತಿರುವ, ಬಿಸಿಲಿಲ್ಲದ ದಿನವೂ ಬಿಸಿಲು ಎಂದು ಬರೆದ,
ದಿಮ್ಯಾನಾ ಅಯ್ಯಾದ್

(ಟಿಕೆಟ್ಟು ರದ್ದು ಮಾಡುವುದಿದ್ದರೆ ಇವತ್ತೇ ಮಾಡಿ. ನಾಳೆ ಬೆಳಿಗ್ಗೆ ಎಂಟು ಗಂಟೆಯ ರೈಲಿಗೆ ನಾನು ಮಿನ್ಯಾಕ್ಕೆ ಹೊರಡುತ್ತಿದ್ದೇನೆ.)