ಹರಿದುಹೋದ ಒಂಬತ್ತನೆಯ ಹಂತ

ಫೆಬ್ರವರಿ 30, 2171
ಹನ್ನೆರಡನೇ ಕಂಬದ ಕಾಲೊನಿ
ಕಪ್ಪತಗುಡ್ಡದ ಕೆಳಗೆ

ಆ ಕರಪತ್ರ ಬರೆದವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಗುವ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ‘ಉಳಿಕೆ ದಿನ’ ಎಂದು ಬಿಟ್ಟಿದ್ದಾರೆ. ಆ ಐದು ದಿನ ನಮ್ಮನ್ನು ಕೆಲಸಕ್ಕೆ ಕರೆಯುವ ಹಕ್ಕು ಯಾರಿಗೂ ಇಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಶಾಲೆಗೆ ಹೋದದ್ದು ಮೂರೇ ವರ್ಷ. ಉಳಿದ ಕನ್ನಡವನ್ನೆಲ್ಲ ಕಲಿತದ್ದು ಕಾಗದದ ಚೂರುಗಳಿಂದ: ಸಂಘದ ಕರಪತ್ರ, ಮಿಕ್ಸರ್ ಡಬ್ಬಿಯೊಳಗಿನ ಸೂಚನೆ, ಬೆಳೆಗೆ ಹೊಡೆಯುವ ಔಷಧಿಯ ಚೀಟಿ. ಹಾಗಾಗಿ ನನ್ನ ವಾಕ್ಯಗಳು ಅಲ್ಲಲ್ಲಿ ಅಪ್ಪಣೆ ಕೊಟ್ಟಂತೆ ಕೇಳಿಸಬಹುದು. ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ನೀಲಗಂಗಾ ಡಂಬಳ. ವಯಸ್ಸು ಹತ್ತೊಂಬತ್ತು. ಗಾಳಿಯಂತ್ರಗಳ ರೆಕ್ಕೆಗಳನ್ನು ಉಜ್ಜಿ ನುಣುಪು ಮಾಡುವುದು ನನ್ನ ಕೆಲಸ. ಇಲ್ಲಿ ಎಲ್ಲರ ಕೆಲಸವೂ ರೆಕ್ಕೆಯದೇ. ನಮ್ಮ ಮನೆಗಳ ಸೂರು ಕೂಡ ಹಳೆಯ ರೆಕ್ಕೆಗಳನ್ನು ಕೊಯ್ದು ಹೊದಿಸಿದ್ದು. ಗಾಳಿ ಬಿಟ್ಟರೆ ಇಡೀ ಕಾಲೊನಿ ಸಣ್ಣಗೆ ಗುಂಯ್‌ಗುಡುತ್ತದೆ. ಆ ಸದ್ದು ನಿಂತರೆ ಕರೆಂಟು ಹೋಗುತ್ತದೆಂದು ತಿಳಿದು ಹೆಂಗಸರು ಒಲೆಯ ಮೇಲಿನ ಅನ್ನವನ್ನು ಬೇಗ ಇಳಿಸುತ್ತಾರೆ. ಕಾಲೊನಿಯ ನಡುವೆ ಒಂದು ಸಭಾಮನೆ ಇದೆ. ಅದರಲ್ಲಿ ಒಂದು ಪರದೆ ಇದೆ. ನಮ್ಮ ಜಗಳವೆಲ್ಲ ಆ ಪರದೆಯದು.

ನಿಮ್ಮ ಕಾಲದಲ್ಲಿ ಟಿ.ವಿ.ಯನ್ನು ಜನ ನೋಡುತ್ತಿದ್ದರಂತೆ. ನಮ್ಮ ಕಾಲದಲ್ಲಿ ಮೊದಲು ಅದು ಜನರನ್ನು ನೋಡುತ್ತದೆ. ಪರದೆಯ ನೆತ್ತಿಯಲ್ಲಿ ಒಂದು ‘ಗುರುತುಗಣ್ಣು’ ಇದೆ. ಅದನ್ನು ಹಾಕಿಸಿದ್ದು, ಯಾರು ಏನು ನೋಡಬಹುದೆಂದು ತೀರ್ಮಾನಿಸುವ ನೋಟ ಮಂಡಳಿ. ಗುಂಡಿ ಒತ್ತಿದೊಡನೆ ಅದು ‘ಯಾರು?’ ಎಂದು ಕೇಳುತ್ತದೆ. ಆಗ ಕನ್ನಡಕ ತೆಗೆದು, ಕೂದಲು ಹಿಂದಕ್ಕೆ ಸರಿಸಿ, ಗದ್ದ ಮೇಲೆತ್ತಿ ಎಲ್ಲರೂ ಉಸಿರು ಹಿಡಿದು ಕೂರಬೇಕು. ಇದಕ್ಕೆ ‘ಮುಖ ಕೊಡುವುದು’ ಎನ್ನುತ್ತಾರೆ. ಕಣ್ಣಿಗೆ ಪರಿಚಯವಿಲ್ಲದ ಒಂದೇ ಒಂದು ಮುಖ ಕಂಡರೂ ಪರದೆ ಎಲ್ಲರಿಗೂ ಕಪ್ಪಾಗುತ್ತದೆ. ಹೊರಗಿನಿಂದ ತಂದ ಡಿಸ್ಕನ್ನಂತೂ ಅದು ಮುಟ್ಟುವುದೇ ಇಲ್ಲ. ಮಂಡಳಿಯ ಮುಖಗಳ ಪಟ್ಟಿಯಿಂದ ಬಿದ್ದುಹೋದವರನ್ನು ‘ಅಳಿಮುಖ’ ಎಂದು ಕರೆಯುತ್ತಾರೆ. ಈ ಪದವನ್ನು ನಾನು ಇಲ್ಲಿ ಒಮ್ಮೆ ಬರೆದಿದ್ದೇನೆ. ಮತ್ತೆ ಬರೆಯುವುದಿಲ್ಲ.

ನಮ್ಮ ಫಕೀರವ್ವಜ್ಜಿಯನ್ನು ಹನ್ನೊಂದು ವರ್ಷದಿಂದ ಹಾಗೆ ಕರೆಯುತ್ತಿದ್ದಾರೆ. ರೆಕ್ಕೆಗೆ ಹಚ್ಚುವ ರಾಳ ಕಾಯಿಸುವ ಡ್ರಮ್ಮು ಸಿಡಿದು ಆಕೆಯ ಮುಖ ಸುಟ್ಟಿತು. ಪಟ್ಟಿಯಲ್ಲಿದ್ದ ಮುಖ ಬೇರೆ, ಕುತ್ತಿಗೆಯ ಮೇಲಿದ್ದ ಮುಖ ಬೇರೆ. ಹೊಸ ಮುಖವನ್ನು ಪಟ್ಟಿಗೆ ಸೇರಿಸಿ ಎಂದು ಮೂರು ಸಲ ಅರ್ಜಿ ಹಾಕಿದಾಗ ಮೂರು ಸಲವೂ ಮಂಡಳಿ ‘ಅರ್ಜಿದಾರರು ಸ್ವತಃ ಮುಖ ಕೊಡತಕ್ಕದ್ದು’ ಎಂದು ಬರೆಯಿತು. ಅಂದಿನಿಂದ ಅಜ್ಜಿ ಸಭಾಮನೆಯ ಕಂಬದ ಮರೆಯಲ್ಲಿ, ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ನಾವೆಲ್ಲ ನೋಡಲೆಂದು ತಾನು ತಿರುಗಿ ಕೂರುತ್ತಿದ್ದಳು. ನಾವು ನಗುವಾಗ ಕೇಳುತ್ತಿದ್ದಳು, “ಏನಾತ್ಬೇ? ಬಿದ್ನ? ಯಾರ ಮ್ಯಾಲ ಬಿದ್ದ?” ಯಾರಾದರೂ ಹೇಳುವಷ್ಟರಲ್ಲಿ ನಗು ಮುಗಿದಿರುತ್ತಿತ್ತು.

ಆಕೆ ನೋಡಬೇಕೆಂದದ್ದು ಒಂದನ್ನೇ. ನಲವತ್ತೆಂಟು ವರ್ಷದ ಹಿಂದೆ ಈ ಗುಡ್ಡದ ನಲವತ್ತು ಯಂತ್ರಗಳನ್ನು ಕೆಲಸಗಾರರು ಒಂದೇ ದಿನ ನಿಲ್ಲಿಸಿದರು. ಆಗ ಗಾಳಿಯಂತ್ರದ ಕಂಬದ ಮೆಟ್ಟಿಲ ಮೇಲೆ ನಿಂತು ಮಾತಾಡಿದವಳು ಇಪ್ಪತ್ತೆರಡು ವರ್ಷದ ಫಕೀರವ್ವ. ಯಾರೋ ಅದನ್ನು ಚಿತ್ರೀಕರಿಸಿದ್ದರು. ಆ ಡಿಸ್ಕು ಸಭಾಮನೆಯ ಅಟ್ಟದಲ್ಲಿದೆ ಎಂದು ಆಕೆಗೆ ಗೊತ್ತಿತ್ತು. “ನನ್ನ ಮಾರಿ ಹೆಂಗಿತ್ತಂತ ನನಗ ಮರತೈತವ್ವಾ” ಎಂದು ಒಂದು ದಿನ ರೆಕ್ಕೆ ಉಜ್ಜುತ್ತ ಹೇಳಿದಳು. ಅಳಲಿಲ್ಲ. ಚೀಲ ಎಲ್ಲಿಟ್ಟೆನೋ ಎಂದು ಹುಡುಕುವವರ ಹಾಗೆ ಹೇಳಿದಳು. ನಾನು ಅವತ್ತೇ ಅಟ್ಟ ಹತ್ತಿದೆ.

ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯಲ್ಲಿ ಡಿಸ್ಕು ಇತ್ತು. ಅದಕ್ಕೆ ಸುತ್ತಿದ್ದ ಕಾಗದವೇ ನಿಮ್ಮ ಕರಪತ್ರ. ‘ಹಳೆಯ ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿ, ಆನ್ ಮಾಡಿದ ಕೂಡಲೇ ನೇರವಾಗಿ ಸಿನಿಮಾ ಪಟ್ಟಿಯೇ ತೆರೆಯುವಂತೆ ಮಾಡುವುದು ಹೇಗೆ?’ ಎಂಬ ತಲೆಬರಹ. ನಿಮ್ಮ ತಾಯಿಗೆ ಮೌಸ್ ಹಿಡಿಯಲು ಬರುತ್ತಿರಲಿಲ್ಲವೆಂದು, ಒಂದೇ ಗುಂಡಿ ಒತ್ತಿ ಅವರು ಹಾಡು ನೋಡಲೆಂದು ಇದನ್ನು ಮಾಡಿದೆ ಎಂದು ಬರೆದಿದ್ದೀರಿ. ನಾನು ಬಹಳ ಕರಪತ್ರ ಓದಿದ್ದೇನೆ. ಲೋಕವನ್ನೇ ಬದಲಿಸುತ್ತೇವೆಂದು ಕೂಗಿದ ಎಷ್ಟೋ ಕರಪತ್ರಗಳು ಒಬ್ಬರ ತಾಯಿಗೂ ಒಂದು ಗುಂಡಿ ಕೊಟ್ಟಿಲ್ಲ. ನಿಮ್ಮ ನಾಲ್ಕನೆಯ ಹಂತವನ್ನು ನಾನು ಬಾಯಿಪಾಠ ಮಾಡಿದ್ದೇನೆ: ‘ಮನೆಯೊಳಗಿನ ಪೆಟ್ಟಿಗೆ ನೀವು ಯಾರೆಂದು ಕೇಳುವ ಅಗತ್ಯವಿಲ್ಲ. ಬಳಕೆದಾರರ ಹೆಸರು ‘ಮನೆ’ ಎಂದು ಕೊಡಿ. ಪಾಸ್‌ವರ್ಡ್ ಕೇಳುವುದನ್ನು ತೆಗೆದುಹಾಕಿ.’ ಕೇಳುವುದನ್ನು ತೆಗೆದುಹಾಕಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಕಂಬಗಳ ತಂತಿ ಕೆಲಸ ಮಾಡುವ ಮಕ್ತುಂ ಮತ್ತು ನಾನು ಸೇರಿ ಪೆಟ್ಟಿಗೆ ಕಟ್ಟಿದೆವು. ಕೆಟ್ಟು ನಿಂತ ಯಂತ್ರದ ಹೊಟ್ಟೆಯಿಂದ ಕಂಪ್ಯೂಟರ್ ತೆಗೆದೆವು. ನೀವು ಹೇಳಿದ ಪ್ಲೇಯರ್ ತಂತ್ರಾಂಶ ನಮ್ಮವರಲ್ಲಿ ಕೈಯಿಂದ ಕೈಗೆ ಉಳಿದುಬಂದಿತ್ತು. ಪೆಟ್ಟಿಗೆ ಎದ್ದ ತಕ್ಷಣ ಪ್ಲೇಯರ್ ತಾನಾಗಿ ತೆರೆಯಬೇಕು, ಪರದೆ ನಿದ್ದೆಗೆ ಜಾರಬಾರದು, ಹೋದ ಕರೆಂಟು ಬಂದಾಗ ಯಾರೂ ಮುಟ್ಟದೆ ಪೆಟ್ಟಿಗೆ ಮತ್ತೆ ಏಳಬೇಕು, ಡಿಸ್ಕು ಎಲ್ಲಿದೆಯೆಂದು ಪ್ಲೇಯರ್‌ಗೆ ಮೊದಲೇ ತಿಳಿಸಿರಬೇಕು. ಎಂಟು ಹಂತಗಳನ್ನೂ ಅಕ್ಷರಶಃ ಪಾಲಿಸಿದೆವು. ಒಂಬತ್ತನೆಯದು ಕಾಗದದ ಕೆಳಗಿನ ಅಂಚಿನಲ್ಲಿತ್ತು. ‘ಇದೆಲ್ಲ ಮುಗಿದ ಮೇಲೆ ಮರೆಯದೆ ಒಂದು’ ಎಂಬಲ್ಲಿಗೆ ಹರಿದಿತ್ತು.

ಒಂದು ಏನು? ಮಕ್ತುಂ ಒಂದು ಕ್ಷಣವೂ ಯೋಚಿಸಲಿಲ್ಲ. “ಬೀಗ! ಮತ್ತೇನ್ ಇರ್ತೈತಿ? ಮರೀದ ಒಂದು ಬೀಗ ಹಾಕ್ರಿ ಅಂತ ಬರದಿರ್ತಾರ” ಎಂದ. ನನಗೂ ಅನುಮಾನ ಬರಲಿಲ್ಲ. ಹುಟ್ಟಿದಾಗಿನಿಂದ ಬೀಗ ಕಂಡವರಿಗೆ ಕೊನೆಯ ಮಾತು ಬೀಗವೇ ಆಗಿರುತ್ತದೆ. ಪ್ಲೇಯರ್‌ನಿಂದ ಹೊರಗೆ ಬರುವ ದಾರಿಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದೆವು. ಮಂಡಳಿಯವರು ಬಂದರೂ ಒಳಗೆ ಕೈ ಹಾಕಲಾರರು ಎಂದು ಬೀಗಿದೆವು.

ಹೋದ ವರ್ಷದ ಮೊದಲ ಉಳಿಕೆ ದಿನದ ಬೆಳಿಗ್ಗೆ ಸಭಾಮನೆಗೆ ಅರವತ್ತು ಜನ ಬಂದರು. ಮಂಡಳಿಯ ಪರದೆಗೆ ಗೋಣಿ ಹೊದಿಸಿ, ಗೋಡೆಯ ಮೇಲೆ ಬಿಳಿ ಬಟ್ಟೆ ಕಟ್ಟಿ, ಪೆಟ್ಟಿಗೆಗೆ ಒಂದು ಹಳೆಯ ಪ್ರೊಜೆಕ್ಟರ್ ಜೋಡಿಸಿದೆವು. ನಾನು ಗುಂಡಿ ಒತ್ತಿದೆ. ಎಲ್ಲರೂ ಅಭ್ಯಾಸದಂತೆ ಗದ್ದ ಮೇಲೆತ್ತಿ ಕುಳಿತರು. ಏನೂ ಕೇಳದೆ ಪ್ಲೇಯರ್ ತೆರೆಯಿತು. ಅರವತ್ತು ಗದ್ದಗಳು ಹಾಗೇ ಮೇಲೆ ನಿಂತಿದ್ದವು. ಆಮೇಲೆ ಒಂದೊಂದಾಗಿ ಇಳಿದವು. ಆ ಹೊತ್ತಿನಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಹೆಮ್ಮೆ ಅರ್ಧ ನಿಮಿಷವೂ ಬಾಳಲಿಲ್ಲ. ಪೆಟ್ಟಿಗೆಯನ್ನು ಸಭಾಮನೆಗೆ ಹೊತ್ತು ತರುವಾಗ ಡಿಸ್ಕು ಚುಚ್ಚುವ ತೂತು ಮುರಿದಿತ್ತು. ಇನ್ನೊಂದು ತೂತಿಗೆ ಚುಚ್ಚಿದ್ದೆವು. ಪ್ಲೇಯರ್ ಮಾತ್ರ ಹಳೆಯ ಜಾಗದಲ್ಲೇ ಹುಡುಕಿ ‘ಪಟ್ಟಿ ಖಾಲಿ ಇದೆ’ ಎಂದಿತು. ಹೊಸ ಜಾಗ ತಿಳಿಸೋಣವೆಂದರೆ ಹೊರಗೆ ಬರುವ ದಾರಿಯೇ ಇಲ್ಲ. ಆರಿಸಿ ಹಚ್ಚಿದೆವು. ನೇರವಾಗಿ ಅದೇ ಖಾಲಿ ಪಟ್ಟಿಗೆ ಬಂದು ನಿಂತಿತು. ಹಿಂದಿನ ಸಾಲಿನಿಂದ ಯಾರೋ, “ಏ ಮಕ್ತುಂ, ಮಂಡಳಿ ಪರದೆ ‘ಯಾರು?’ ಅಂತಾದ್ರೂ ಕೇಳ್ತಿತ್ತು. ನಿಂದು ಮಾತಽ ಆಡವಲ್ದಲ್ಲೋ!” ಎಂದರು. ಜನ ಬಿದ್ದು ಬಿದ್ದು ನಕ್ಕರು. ಫಕೀರವ್ವಜ್ಜಿ ಇನ್ನೂ ಕಂಬದ ಮರೆಯಲ್ಲೇ ಕುಳಿತಿದ್ದಳು. ಆಗ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯಾಡಿಸಿ, “ಒಳಗ ಹೋಗೂ ಬಾಗಲಾ ಚಂದ ಮಾಡೀರಿ. ಹೊರಗ ಬರೂದು ಎಲ್ಲಿಟ್ಟೀರಿ?” ಎಂದು ಕೇಳಿದಳು. ಮಂಡಳಿಯನ್ನು ಬೈಯುತ್ತಲೇ ನಾವು ಇನ್ನೊಂದು ಮಂಡಳಿಯನ್ನು ಪೆಟ್ಟಿಗೆಯೊಳಗೆ ಕೂಡಿಸಿದ್ದೆವು. ಇದನ್ನು ನಿಮಗೆ ಮುಚ್ಚಿಡುವುದಿಲ್ಲ.

ಎಲ್ಲವನ್ನೂ ಅಳಿಸಿ ಮೊದಲ ಹಂತದಿಂದ ಮತ್ತೆ ಮಾಡಿದೆವು. ಈ ಸಲ ಸಭಾಮನೆಯಲ್ಲೇ, ಎಲ್ಲರ ಕಣ್ಣೆದುರು. ಯಾರು ಬೇಕಾದರೂ ಬಂದು ‘ಇದ್ಯಾಕ?’ ಎಂದು ಕೇಳಬಹುದಿತ್ತು. ಕೇಳಿದರು ಕೂಡ, ತಲೆ ಚಿಟ್ಟು ಹಿಡಿಯುವಷ್ಟು. ಕೊನೆಗೆ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊರಗೆ ಬರುವಂತೆ ಮಾಡಿದೆವು. ಯಾವ ಕೀಲಿಗಳೆಂದು ದೊಡ್ಡ ಅಕ್ಷರದಲ್ಲಿ ಬರೆದು ಪೆಟ್ಟಿಗೆಯ ನೆತ್ತಿಗೇ ಅಂಟಿಸಿದೆವು.

ಮೂರನೆಯ ಉಳಿಕೆ ದಿನ ಮಧ್ಯಾಹ್ನ ಮತ್ತೆ ಎಲ್ಲರೂ ಸೇರಿದರು. ಗುಂಡಿ ಒತ್ತಿ ಪಟ್ಟಿ ತೆರೆಯುವಷ್ಟರಲ್ಲಿ ಮಂಡಳಿಯ ಪರಿಶೀಲಕ ಸೋಮರಡ್ಡಿ ಬಾಗಿಲಲ್ಲಿ ನಿಂತಿದ್ದರು. ಯಾರು ಸುದ್ದಿ ಕೊಟ್ಟರೋ ಗೊತ್ತಿಲ್ಲ. ಬೆಳಗುತ್ತಿದ್ದ ಬಟ್ಟೆ ಕಂಡೊಡನೆ ಅವರು ಟೊಪ್ಪಿಗೆ ತೆಗೆದು ಗದ್ದ ಎತ್ತಿ ನಿಂತುಬಿಟ್ಟರು. ಯಾರೂ ಅವರನ್ನು ಏನೂ ಕೇಳಲಿಲ್ಲ. “ಸಾಹೇಬ್ರ, ಇಳಸ್ರೀ, ಕುತ್ತಿಗಿ ನೋಯ್ತೈತಿ” ಎಂದ ಮಕ್ತುಂ. ಅವರ ಮುಖ ಕೆಂಪಾಯಿತು. “ಪೆಟ್ಟಿಗೆ ಯಾರ ಹೆಸರಲ್ಲಿದೆ?” ಎಂದರು. “ಮನೀ ಹೆಸರ್ಲೆ ಐತ್ರಿ” ಎಂದಳು ಅಜ್ಜಿ. “ಯಾವ ಮನೆ?” ಎಂದಾಗ ಅರವತ್ತು ಜನರೂ “ನಮ್ಮನಿ” ಎಂದರು.

ಅವರು ಅಲ್ಲೇ ನಿಂತು ನೋಟಿಸು ಬರೆಯುತ್ತಿದ್ದಾಗ ನಾನು ಡಿಸ್ಕು ಹಚ್ಚಿದೆ. ಬಟ್ಟೆಯ ಮೇಲೆ ಇಪ್ಪತ್ತೆರಡರ ಫಕೀರವ್ವ ಬಂದಳು. ಮೆಟ್ಟಿಲ ಮೇಲೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಗಾಳಿಗೆ ಕೂದಲು ಹಾರುತ್ತಿತ್ತು. ಎಪ್ಪತ್ತರ ಫಕೀರವ್ವ ಬಟ್ಟೆಯ ಎದುರಿಗೇ ಕುಳಿತು, ಬಾಯಿ ತೆರೆದು ನೋಡಿದಳು. “ಯವ್ವಾ, ಮೂಗು ಇಷ್ಟುದ್ದ ಇತ್ತೇನ್ಬೇ ನಂದು!” ಎಂದಳು. ಆಮೇಲೆ, “ಇನ್ನೊಮ್ಮೆ ಹಾಕು” ಎಂದಳು. ಹನ್ನೊಂದು ಸಲ ಹಾಕಿದೆ. ಎಣಿಸಿದವಳು ನಾನಲ್ಲ, ಆಕೆ. ವರ್ಷಕ್ಕೊಂದು ಎಂದಳು.

ನೋಟಿಸಿನಲ್ಲಿ ಹೀಗಿದೆ: ಫೆಬ್ರವರಿ ಮುಗಿಯುವುದರೊಳಗೆ ಪೆಟ್ಟಿಗೆಗೆ ಗುರುತುಗಣ್ಣು ಹಾಕಿಸಬೇಕು. ಇಲ್ಲವಾದರೆ ಮಾರ್ಚ್ ಒಂದರಂದು ಮಂಡಳಿ ಬಂದು ಒಯ್ಯುತ್ತದೆ. ನಾವು ಹಾಕಿಸಿಲ್ಲ. ನಾಳೆ ಮಾರ್ಚ್ ಒಂದು.

ಮಂಡಳಿಯ ನಿಯಮಗಳ ಕಿರುಹೊತ್ತಿಗೆಯನ್ನೂ ನಾನು ಓದಿದ್ದೇನೆ. ಅದನ್ನು ಓದುವವರು ಇರಲಾರರೆಂದು ಅವರು ಅಂದುಕೊಂಡಿರಬೇಕು. ಯಾವ ವಸ್ತುವನ್ನು ಒಯ್ಯಬೇಕಾದರೂ ಅಲ್ಲಿರುವ ಒಬ್ಬರಾದರೂ ಮಂಡಳಿಯ ಕಣ್ಣಿಗೆ ಮುಖ ಕೊಟ್ಟು ಒಪ್ಪಿಸಬೇಕು. ಮುಖವಿಲ್ಲದೆ ಕಾಗದ ಆಗುವುದಿಲ್ಲ. ಕಾಗದವಿಲ್ಲದೆ ಒಯ್ಯುವ ಹಾಗಿಲ್ಲ. ಅವರು ನಿಯಮ ಮುರಿದು ಒಯ್ದರೂ, ನಿಮ್ಮ ಕರಪತ್ರದ ಇನ್ನೂರು ನಕಲುಗಳು ಆಗಲೇ ಬೇರೆ ಕಂಬಗಳ ಕಾಲೊನಿಗಳನ್ನು ಸೇರಿವೆ.

ಈ ಪತ್ರವನ್ನು ಅದೇ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತೇನೆ. ಕಾಗದ ಹಿಂದಕ್ಕೆ ಹೋಗುವುದಿಲ್ಲವೆಂದು ಮಕ್ತುಂ ಹೇಳುತ್ತಾನೆ. ನಿಮ್ಮದು ಇಷ್ಟು ದೂರ ಮುಂದಕ್ಕೆ ಬಂದಿದೆ, ನನ್ನದು ಹಿಂದಕ್ಕೆ ಹೋಗಲು ಪ್ರಯತ್ನವಾದರೂ ಮಾಡಲಿ. ತಲುಪಿದರೆ ನನ್ನದೊಂದು ಕೋರಿಕೆ. ಒಂಬತ್ತನೆಯ ಹಂತವನ್ನು ಅಂಚಿನಲ್ಲಿ ಬರೆಯಬೇಡಿ. ಹಾಳೆಯ ನಟ್ಟನಡುವೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ನೀವು ಅಲ್ಲಿ ಏನು ಬರೆದಿದ್ದಿರೋ ನನಗೆ ಗೊತ್ತಿಲ್ಲ. ‘ಬೀಗ’ ಎಂದೇ ಬರೆದಿದ್ದರೆ ಹರಿದದ್ದು ಒಳ್ಳೆಯದಾಯಿತು. ನಮ್ಮ ನಕಲುಗಳಲ್ಲಿ ನಾವು ಹೀಗೆ ತುಂಬಿದ್ದೇವೆ: ‘ಇದೆಲ್ಲ ಮುಗಿದ ಮೇಲೆ ಮರೆಯದೆ ಒಂದು ದಾರಿ ಬಿಡಿ.’ ನಾಲ್ಕನೆಯ ಹಂತವನ್ನು ಯಾರು ಬೇಡವೆಂದರೂ ತೆಗೆಯಬೇಡಿ. ಕೇಳದ ಪೆಟ್ಟಿಗೆ ಅಪಾಯವೆಂದು ನಿಮ್ಮ ಕಾಲದಲ್ಲೇ ಹೇಳಲು ಶುರು ಮಾಡುತ್ತಾರೆ. ಆಗ ನಿಮ್ಮ ತಾಯಿಯನ್ನು ನೆನೆಯಿರಿ.

ನಾಳೆ ಬೆಳಿಗ್ಗೆ ಮಂಡಳಿಯವರು ಕಣ್ಣು ಹೊತ್ತು ಬರುತ್ತಾರೆ. ಸಭಾಮನೆಯಲ್ಲಿ ಅರವತ್ತು ಜನ ಇರುತ್ತೇವೆ. ಫಕೀರವ್ವಜ್ಜಿ ಹನ್ನೊಂದು ವರ್ಷ ಕುಳಿತ ಹಾಗೆ ನಾವೆಲ್ಲ ಆ ಕಣ್ಣಿಗೆ ಬೆನ್ನು ಹಾಕಿ ಕೂರುತ್ತೇವೆ. ಅದರ ಕಡೆ ಮುಖ ಮಾಡಿ, ಗದ್ದ ಎತ್ತಿ ಕೂರುವವಳು, ಮಂಡಳಿಯ ಪಟ್ಟಿಯಲ್ಲಿ ಮುಖವಿಲ್ಲದ ಅಜ್ಜಿ ಒಬ್ಬಳೇ. ಅದು ‘ಯಾರು?’ ಎಂದು ಎಷ್ಟು ಸಲ ಬೇಕಾದರೂ ಕೇಳಿಕೊಳ್ಳಲಿ.

ನಿಮ್ಮ
ನೀಲಗಂಗಾ ಡಂಬಳ